ರೈಟ್‌ಸೈಸಿಂಗ್ ಎಂದರೆ ಬಟ್ಟೆಯ ಅಳತೆಯೇ?

ಪೀಣ್ಯದ ಅನುವಾದಕಿ:
ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಯಂತ್ರಗಳ ಕೈಪಿಡಿ, ವಿಮೆಯ ಅರ್ಜಿ, ಕಾರ್ಖಾನೆಗಳ ಸೂಚನಾ ಫಲಕ, ಹೀಗೆ ಹದಿನಾಲ್ಕು ವರ್ಷಗಳಿಂದ ನಡೆದಿದೆ. ಕಳೆದ ವಾರ ಒಂದು ಸಿದ್ಧ ಉಡುಪು ಕಾರ್ಖಾನೆಯಿಂದ ಒಂದು ಪುಟದ ನೋಟಿಸ್ ಬಂತು. ಹೊಲಿಗೆ ವಿಭಾಗದವರು ಓದಲೆಂದು ಅದನ್ನು ಕನ್ನಡಕ್ಕೆ ತರಬೇಕಿತ್ತು. ಅದರಲ್ಲಿದ್ದದ್ದನ್ನು ಇದ್ದ ಹಾಗೆ ಹೇಳಿದರೆ: "ಬದಲಾದ ವಾಸ್ತವಗಳಿಗೆ ಅನುಗುಣವಾಗಿ ಸಿನರ್ಜಿಗಳನ್ನು ಲೆವರೇಜ್ ಮಾಡಿ ಘಟಕದ ರೈಟ್‌ಸೈಸಿಂಗ್ ಪಯಣ ಆರಂಭವಾಗುತ್ತಿದೆ."

ಮೂರು ಸಲ ಓದಿದೆ. ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಎಂಬುದು ಇಡೀ ಪುಟದಲ್ಲಿ ಒಂದು ಕಡೆಯೂ ಇರಲಿಲ್ಲ. ಕೊನೆಗೆ ಫೋನ್ ಮಾಡಿ ಕೇಳಿದೆ. "ಹೊಲಿಗೆಯಿಂದ ಎಂಬತ್ತು ಜನರನ್ನು ತೆಗೆಯುತ್ತಿದ್ದೇವೆ" ಎಂದರು. ಬಾಯಲ್ಲಿ ಹೇಳುವಾಗ ಅವರಿಗೆ ನಾಲ್ಕು ಪದ ಸಾಕಾಯಿತು! ನಾನೂ ಅದನ್ನೇ ಬರೆದೆ: "ಈ ತಿಂಗಳ ಕೊನೆಗೆ ಹೊಲಿಗೆ ವಿಭಾಗದ 80 ಜನರನ್ನು ಕೆಲಸದಿಂದ ತೆಗೆಯುತ್ತೇವೆ." ಮರುದಿನ ವಾಪಸ್ ಬಂತು. ಬಹಳ ಒರಟಾಯಿತಂತೆ, ಮೂಲದ ಧಾಟಿ ಉಳಿಸಬೇಕಂತೆ. "ಘಟಕವನ್ನು ಸರಿಯಾದ ಗಾತ್ರಕ್ಕೆ ತರುವ ಪಯಣ" ಎಂದು ಅವರೇ ತಿದ್ದಿ ಕಳುಹಿಸಿದ್ದರು.

ಅಷ್ಟರಲ್ಲಿ ಇಂಗ್ಲಿಷ್ ನೋಟಿಸನ್ನು ಗೇಟಿನ ಬಳಿ ಅಂಟಿಸಿದ್ದರು. ನಮ್ಮ ಬೀದಿಯ ಒಬ್ಬಾಕೆ ಅಲ್ಲಿ ಟೈಲರ್. ಸಂಜೆ ನನ್ನ ಬಳಿ ಬಂದು ಕೇಳಿದರು: "ಅಕ್ಕಾ, ರೈಟ್‌ಸೈಸಿಂಗ್ ಎಂದರೆ ಸೈಸ್ ಸೆಟ್ ಸರಿ ಬಂದಿಲ್ಲವೆಂದೇ? ಪೀಸುಗಳು ವಾಪಸ್ ಬಂದಿವೆಯೇ?" ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಂದು ಅಂಗಿಯನ್ನು ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಅಳತೆಯಲ್ಲೂ ಮಾದರಿಗಾಗಿ ಹೊಲಿಯುವುದಕ್ಕೆ ಸೈಸ್ ಸೆಟ್ ಎನ್ನುತ್ತಾರೆ. ಅವರ ಪಾಲಿಗೆ ಸೈಸ್ ಎಂದರೆ ಅದೇ. ಕೆಲಸ ಹೋಗುತ್ತದೆಂಬ ಸುದ್ದಿಯನ್ನು ಓದಿ, ನಾವು ಹೊಲಿದದ್ದರಲ್ಲಿ ತಪ್ಪಾಯಿತೇನೋ ಎಂದು ಅವರೆಲ್ಲ ಎರಡು ದಿನ ಕೊರಗಿದ್ದಾರೆ.

ನನಗೆ ಸಿಟ್ಟು ಇಳಿಯುತ್ತಿಲ್ಲ. ಭಾಷೆ ಬದಲಾಗುತ್ತದೆ, ನೀನು ಹಳಬಳಾದೆ ಎಂದು ಮನೆಯಲ್ಲಿ ಹೇಳುತ್ತಾರೆ. ಇದು ಭಾಷೆ ಬದಲಾಗುವುದೇ, ಅಥವಾ ಬೇರೆ ಏನಾದರೂ? ನಿಮ್ಮ ಕಚೇರಿಗಳಲ್ಲಿ ಹೇಗಿದೆ?

ಬ್ಯಾಂಕ್ ಕೌಂಟರ್ ಮೂರು:
ಓದಿ ಹೊಟ್ಟೆ ಉರಿಯಿತು. ನಮ್ಮಲ್ಲಿ "ರಿವರ್ಟ್" ಎಂಬ ಪದದ ಕಾಟ. ಇಂಗ್ಲಿಷಿನಲ್ಲಿ ಅದರ ಅರ್ಥ ಹಿಂದಿದ್ದ ಸ್ಥಿತಿಗೆ ಮರಳುವುದು. ನಾವು "ಉತ್ತರ ಬರೆಯಿರಿ" ಎಂಬರ್ಥದಲ್ಲಿ ಬಳಸುತ್ತೇವೆ. ಒಮ್ಮೆ ಹೊರದೇಶದ ಬ್ಯಾಂಕಿನೊಂದಿಗೆ ಒಂದು ಜಮೆಯ ತಪ್ಪು ಸರಿಪಡಿಸಿದ ಮೇಲೆ, ದಯವಿಟ್ಟು ರಿವರ್ಟ್ ಮಾಡಿ ಎಂದು ನಾನು ಬರೆದೆ. ಅವರು ತಿದ್ದಿದ್ದನ್ನೇ ಅಳಿಸಿ ಹಳೆಯ ತಪ್ಪನ್ನು ಮತ್ತೆ ಕೂರಿಸಿದರು. ಸರಿಮಾಡಲು ನಾಲ್ಕು ದಿನ ಬೇಕಾಯಿತು. ಅಂದಿನಿಂದ ಆ ಪದವನ್ನು ಮುಟ್ಟಿಲ್ಲ.

ಮಲೆನಾಡಿನ ಮೇಷ್ಟ್ರು:
ಇಪ್ಪತ್ತಾರು ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ಇಲ್ಲಿ ಎರಡು ವಿಷಯ ಒಂದಕ್ಕೊಂದು ಸುತ್ತಿಕೊಂಡಿವೆ, ಬಿಡಿಸಬೇಕು.

ಪದದ ಅರ್ಥ ಬದಲಾಗುವುದು ಹೊಸದಲ್ಲ. "ನೈಸ್" ಎಂಬುದು ಲ್ಯಾಟಿನ್ನಿನಲ್ಲಿ ಏನೂ ಅರಿಯದವನು ಎಂಬ ಅರ್ಥದ ಪದದಿಂದ ಬಂದದ್ದು. "ಸಿಲ್ಲಿ" ಎಂದರೆ ಒಂದು ಕಾಲಕ್ಕೆ ಪುಣ್ಯವಂತ. "ಗರ್ಲ್" ಎಂದರೆ ಗಂಡೋ ಹೆಣ್ಣೋ, ಯಾವ ಮಗುವಾದರೂ ಸರಿ. "ಇಂಪ್ಯಾಕ್ಟ್" ಅನ್ನು ಕ್ರಿಯಾಪದ ಮಾಡಿ ಭಾಷೆ ಕೆಡಿಸಿದರು ಎಂದು ಗೊಣಗುವವರಿದ್ದಾರೆ. ಆ ಕ್ರಿಯಾಪದ 17ನೆಯ ಶತಮಾನದ ಆರಂಭದಲ್ಲೇ ಇತ್ತು, ನಾಮಪದ ಬಂದದ್ದು 18ರಲ್ಲಿ. "ಲಿಟರಲಿ" ಎಂದರೆ ಅಕ್ಷರಶಃ, ಅದಕ್ಕೆ ಬರಿಯ ಒತ್ತಿನ ಅರ್ಥವನ್ನೂ ಆಕ್ಸ್‌ಫರ್ಡ್ ನಿಘಂಟು ಒಪ್ಪಿದೆಯೆಂದು 2013ರಲ್ಲಿ ಪತ್ರಿಕೆಗಳು ಗದ್ದಲ ಮಾಡಿದವು, ಆದರೆ ಆ ಬಳಕೆಯೂ 18ನೆಯ ಶತಮಾನದಿಂದ ಇದೆ. ನಿಘಂಟು ಜನ ಆಡುವುದನ್ನು ದಾಖಲಿಸುತ್ತದೆ, ಅಷ್ಟೇ.

ನಿಮ್ಮ ನೋಟಿಸ್ ಈ ಜಾತಿಗೆ ಸೇರಿದ್ದಲ್ಲ. "ಡೌನ್‌ಸೈಸಿಂಗ್" ಎಂಬ ಪದವನ್ನೇ ನೋಡಿ. 1970ರ ದಶಕದಲ್ಲಿ ಅಮೆರಿಕದ ಕಾರು ತಯಾರಕರು ಕಾರಿನ ಅಳತೆ ಚಿಕ್ಕದು ಮಾಡಿದ್ದಕ್ಕೆ ಹಾಗೆ ಹೇಳಿದರು. ಅದೇ ಪದವನ್ನು ಆಮೇಲೆ ಮನುಷ್ಯರ ಮೇಲೆ ಪ್ರಯೋಗಿಸಿದರು. ಅದರಲ್ಲಿನ "ಡೌನ್" ಕಿವಿಗೆ ಚುಚ್ಚತೊಡಗಿದಾಗ ಅದನ್ನು ತೆಗೆದು "ರೈಟ್" ಎಂದು ಹಚ್ಚಿದರು. ಇದು ತಾನಾಗಿ ಸವೆದು ಬದಲಾದ ಪದವಲ್ಲ, ಬೇಕೆಂದೇ ಬಳಿದ ಸುಣ್ಣ.

ಗದಗಿನ ಓದುಗ:
"ಬಳಿದ ಸುಣ್ಣ" ಸರಿಯಾದ ಮಾತು, ಮೇಷ್ಟ್ರೇ.

ಕೋರಮಂಗಲದ ಕೋಡ್:
ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತಾಡುತ್ತಿದ್ದೀರಿ. ನಾನು ಎದುರು ವಾದ ಹೇಳುತ್ತೇನೆ, ಬೈಯಬೇಡಿ.

ನಾನು ಲಿಂಗಸುಗೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊದಲ ಕೆಲಸದಲ್ಲಿ ಸಭೆಯೆಂದರೆ ನಡುಕ. ಕಾನ್ವೆಂಟಿನಲ್ಲಿ ಓದಿದವರು ಇಂಗ್ಲಿಷಿನ ನುಡಿಗಟ್ಟು ಬಳಸುತ್ತಿದ್ದರು, ಕ್ರಿಕೆಟ್ಟಿನ ಮಾತು, ಮಕ್ಕಳ ಪುಸ್ತಕದ ಮಾತು ತರುತ್ತಿದ್ದರು, ಒಬ್ಬರಿಗೊಬ್ಬರು ನಗುತ್ತಿದ್ದರು. ಆ ಇಂಗ್ಲಿಷನ್ನು ನಾನು ಎಲ್ಲಿಂದ ತರಲಿ? ಅದಕ್ಕೆ ಬಾಲ್ಯವೇ ಬೇರೆಯಾಗಿರಬೇಕಿತ್ತು. ಆದರೆ ಸಿಂಕ್ ಅಪ್, ಡೀಪ್ ಡೈವ್, ಸರ್ಕಲ್ ಬ್ಯಾಕ್, ಆ್ಯಕ್ಷನ್ ಐಟಮ್ ಇವನ್ನೆಲ್ಲ ಎಲ್ಲರೂ ಕಚೇರಿಗೆ ಬಂದ ಮೇಲೆಯೇ ಕಲಿಯಬೇಕು. ಐವತ್ತು ಪದಗಳಿರಬಹುದು. ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ, ಎರಡು ತಿಂಗಳಲ್ಲಿ ಬಾಯಿಗೆ ಬಂದವು. ಆಮೇಲೆ ಸಭೆಯಲ್ಲಿ ನನ್ನ ಮಾತನ್ನೂ ಕೇಳತೊಡಗಿದರು. ನೀವು ಹಳಿಯುವ ಆ ಪದಗಳು ನನಗೆ ಊರುಗೋಲಾದವು.

ಎಂಬತ್ತು ಜನರ ಕೆಲಸ ಹೋಗುವುದನ್ನು ಮುಚ್ಚಿಟ್ಟದ್ದು ತಪ್ಪೇ. ಅದಕ್ಕೂ ದಿನನಿತ್ಯದ ಕಚೇರಿ ಮಾತಿಗೂ ಗಂಟು ಹಾಕಬೇಡಿ.

ಪೀಣ್ಯದ ಅನುವಾದಕಿ:
ತಮ್ಮಾ, ಬೈಯುವುದೇಕೆ, ನೀನು ಹೇಳಿದ್ದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಳಗೆ ಬರಲು ಬೇಕಾದ ಐವತ್ತು ಪದ ಎಂದರೆ ನನಗೆ ಒಪ್ಪಿಗೆ. ಆದರೆ ಆ ಪದಗಳನ್ನು ನಿನ್ನ ಊರಿನ ಮನೆಯವರಿಗೆ ಕೊಡುವ ಕಾಗದದಲ್ಲಿ ಬರೆಯುತ್ತೀಯಾ?

ಕೋರಮಂಗಲದ ಕೋಡ್:
ಇಲ್ಲ ಅಕ್ಕಾ. ಅಲ್ಲಿಗೆ ಒಪ್ಪುತ್ತೇನೆ.

ಟ್ರಂಕ್ ಕಾಲ್:
ನನ್ನ ದೂರು "ಬ್ಯಾಂಡ್‌ವಿಡ್ತ್" ಬಗ್ಗೆ. ದೂರಸಂಪರ್ಕ ಇಲಾಖೆಯಲ್ಲಿ ಜೀವ ಸವೆಸಿದವನು ನಾನು. ಈಗ ನನ್ನ ಸೊಸೆ, "ಈ ವಾರ ನನಗೆ ಬ್ಯಾಂಡ್‌ವಿಡ್ತ್ ಇಲ್ಲ ಮಾವ" ಎನ್ನುತ್ತಾಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ಸಿಟ್ಟಿಲ್ಲ. ಆದರೆ ಆ ಪದ ನಮಗೆ ಅನ್ನ ಕೊಟ್ಟ ಪದ, ಅದಕ್ಕೊಂದು ಅಳತೆ ಇತ್ತು.

ಹಳೆಯ ದೂರವಾಣಿಯಲ್ಲಿ ಮನುಷ್ಯನ ಧ್ವನಿಯನ್ನು ಪೂರ್ತಿ ಕಳುಹಿಸುತ್ತಿರಲಿಲ್ಲ. 300ರಿಂದ 3400 ಹರ್ಟ್ಸ್‌ವರೆಗಿನ ಭಾಗ ಮಾತ್ರ, ಹರ್ಟ್ಸ್ ಎಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಅದೇ ಒಂದು ಮಾತುಕತೆಯ ಬ್ಯಾಂಡ್‌ವಿಡ್ತ್. ಅಕ್ಕಪಕ್ಕ ಸ್ವಲ್ಪ ಜಾಗ ಬಿಟ್ಟು ಒಂದೊಂದಕ್ಕೆ 4 ಕಿಲೋಹರ್ಟ್ಸ್‌ನಂತೆ ಹನ್ನೆರಡು ಮಾತುಕತೆಗಳನ್ನು ಜೋಡಿಸಿದರೆ 48 ಕಿಲೋಹರ್ಟ್ಸ್ ಆಗುತ್ತಿತ್ತು. ಆ ಗುಂಪನ್ನು 60ರಿಂದ 108 ಕಿಲೋಹರ್ಟ್ಸ್ ನಡುವೆ ಕೂರಿಸುತ್ತಿದ್ದೆವು. ಬೆಂಗಳೂರಿನಿಂದ ದೂರದ ಊರಿಗೆ ಟ್ರಂಕ್ ಕಾಲ್ ಹೋಗುತ್ತಿದ್ದದ್ದು ಹಾಗೆ. 3400ರ ಮೇಲಿನದನ್ನು ಕತ್ತರಿಸಿದ್ದರಿಂದಲೇ ಫೋನಿನಲ್ಲಿ ಸ ಮತ್ತು ಫ ಒಂದೇ ತೆರನಾಗಿ ಕೇಳುತ್ತಿದ್ದವು, ಏಕೆಂದರೆ ಆ ಎರಡು ಸದ್ದುಗಳನ್ನು ಬೇರೆ ಮಾಡುವ ಅಂಶ ಅದಕ್ಕಿಂತ ಮೇಲಿದೆ. ನಮ್ಮ ತಾಯಿಯ ಧ್ವನಿ ಫೋನಿನಲ್ಲಿ ತೆಳ್ಳಗಾಗಿ, ಯಾರೋ ತಗಡಿನ ಡಬ್ಬದೊಳಗಿಂದ ಕರೆದ ಹಾಗೆ ಬರುತ್ತಿತ್ತು. ಏಕೆ ಹಾಗೆ ಎಂದು ಅವರಿಗೆ ಒಮ್ಮೆ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದ್ದೆ. "ಹಾಗಾದರೆ ನನ್ನ ಧ್ವನಿಯ ಉಳಿದ ಭಾಗ ಎಲ್ಲಿಗೆ ಹೋಯಿತು?" ಎಂದು ಕೇಳಿದ್ದರು.

ಈಗ "ಪುರುಸೊತ್ತಿಲ್ಲ" ಎನ್ನಲು ಆ ಪದ ಬೇಕೇ? ಪುರುಸೊತ್ತು ಎಷ್ಟು ಚೆಂದದ ಪದ!

ಶಬ್ದಮಣಿ:
ಸಾರ್, ಪುರುಸೊತ್ತು ಕೂಡ ಹೊರಗಿನಿಂದ ಬಂದದ್ದೇ. ಪಾರಸಿ-ಅರಬ್ಬಿಯ ಫುರ್ಸತ್. ನಮ್ಮ ಬಾಯಲ್ಲಿ ಉರುಳಿ ಉರುಳಿ ಕನ್ನಡವಾಯಿತು. ಅರ್ಜಿ, ಜಮೆ, ವಸೂಲಿ, ಬಾಕಿ ಎಲ್ಲ ಹಾಗೆಯೇ.

ಟ್ರಂಕ್ ಕಾಲ್:
ಗೊತ್ತಿರಲಿಲ್ಲ. ಆದರೂ ಅದು ಈಗ ನಮ್ಮ ಮನೆಯ ಮಗಳು.

ಕಡತದ ಗುಮಾಸ್ತ:
ಎಲ್ಲರೂ ಇಂಗ್ಲಿಷಿಗೆ ಮಾತ್ರ ಕಲ್ಲು ಹೊಡೆಯುತ್ತಿದ್ದೀರಿ. ನಮ್ಮ ಕನ್ನಡದ ಕಚೇರಿ ಪತ್ರಗಳನ್ನು ನೋಡಿದ್ದೀರಾ? "ಸದರಿ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ, ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳುವಂತೆ ತಮ್ಮನ್ನು ಕೋರಲು ನಿರ್ದೇಶಿತನಾಗಿದ್ದೇನೆ." ಯಾರು ನಿರ್ದೇಶಿಸಿದರು? ಯಾವ ಕ್ರಮ? ಎಷ್ಟು ದಿನದಲ್ಲಿ? ಒಂದೂ ಇಲ್ಲ. ಬ್ರಿಟಿಷರ ಕಾಲದ ಪತ್ರದ ಒಕ್ಕಣೆಯನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ. 1963ರಲ್ಲಿ ರಾಜಭಾಷಾ ಕಾಯ್ದೆ ಬಂತು, ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಎಷ್ಟೋ ಜನ ಹೋರಾಡಿದರು. ಜನಕ್ಕೆ ತಿಳಿಯಲೆಂದಲ್ಲವೇ ಅದು?

ಒಂದು ಘಟನೆ ಹೇಳುತ್ತೇನೆ. ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದ ಒಬ್ಬ ಅಜ್ಜಿ ಪತ್ರ ಹಿಡಿದು ನನ್ನ ಮೇಜಿನ ಬಳಿ ಬಂದರು. ಸೆರಗಿನಲ್ಲಿ ನಾಲ್ಕು ಮಡಿಕೆ ಮಾಡಿ ಕಟ್ಟಿಕೊಂಡಿದ್ದ ಕಾಗದ. "ತಮ್ಮ ಅರ್ಜಿಯನ್ನು ವಿಲೇಗೊಳಿಸಲಾಗಿದೆ" ಎಂದು ಇತ್ತು. ಪಕ್ಕದ ಮನೆಯ ಹುಡುಗ ಓದಿ, ಆಯಿತಂತೆ ಅಜ್ಜಿ, ಮುಗಿಯಿತಂತೆ ಎಂದಿದ್ದಾನೆ. "ದುಡ್ಡು ಯಾವಾಗ ಬರುತ್ತದೆ, ಮಗನೇ?" ಎಂದು ಕೇಳಿದರು. ಕಡತ ತೆಗೆದು ನೋಡಿದರೆ ದಾಖಲೆ ಸಾಲದೆಂದು ತಿರಸ್ಕರಿಸಿ ಮುಗಿಸಿದ್ದರು. ಗಂಡನ ಮರಣ ಪತ್ರದ ಒಂದು ಪ್ರತಿ ಕೊಟ್ಟಿದ್ದರೆ ಆಗುತ್ತಿತ್ತು. "ಮರಣ ಪತ್ರ ತನ್ನಿ" ಎಂದು ಮೂರು ಪದ ಬರೆಯಲು ಆಗಲಿಲ್ಲ. ಕಸಕ್ಕೂ ವಿಲೇವಾರಿ, ಅಜ್ಜಿಯ ಅರ್ಜಿಗೂ ವಿಲೇವಾರಿ. ಆ ದಿನದಿಂದ ನನ್ನ ಕೈಯಿಂದ ಹೋಗುವ ಯಾವ ಪತ್ರದಲ್ಲೂ ನಾನು ಆ ಪದ ಬರೆಯುವುದಿಲ್ಲ.

ಬ್ಯಾಂಕ್ ಕೌಂಟರ್ ಮೂರು:
ಅಜ್ಜಿಗೆ ಆಮೇಲೆ ಹಣ ಬಂತೇ?

ಕಡತದ ಗುಮಾಸ್ತ:
ಹೊಸ ಅರ್ಜಿ ಬರೆಸಿದೆ. ಬಂತು, ಏಳು ತಿಂಗಳು ತಡವಾಗಿ.

ಲೀಡ್ಸ್‌ನ ಕನ್ನಡತಿ:
ಇಂಗ್ಲಿಷರ ನಾಡಿನಲ್ಲೂ ಇದೇ ಗೋಳಾಗಿತ್ತು ಎಂದು ಹೇಳಲು ಬಂದೆ. ಕ್ರಿಸ್ಸಿ ಮೇಯರ್ ಎಂಬ ಲಿವರ್‌ಪೂಲಿನ ಮಹಿಳೆ 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಸರ್ಕಾರಿ ಅರ್ಜಿ ನಮೂನೆಗಳನ್ನು ಎಲ್ಲರೆದುರು ಚೂರು ಚೂರು ಮಾಡಿದರು. ಸರಳ ಇಂಗ್ಲಿಷಿನ ಚಳವಳಿ ಶುರುವಾದದ್ದು ಹಾಗೆ. ಅರ್ಥವಾಗದ ಬರಹಕ್ಕೆ "ಗೋಲ್ಡನ್ ಬುಲ್" ಎಂಬ ಬಹುಮಾನವನ್ನೂ ಕೊಡುತ್ತಿದ್ದರು, ಪಡೆದವರಿಗೆ ಅವಮಾನವಾಗಲೆಂದು. ಅಮೆರಿಕದಲ್ಲಿ 2010ರಲ್ಲಿ ಕಾಯ್ದೆಯೇ ಬಂತು, ಸರ್ಕಾರ ಜನರಿಗೆ ಬರೆಯುವುದು ಜನರಿಗೆ ತಿಳಿಯಬೇಕು ಎಂದು.

ನಾನು ಆಸ್ಪತ್ರೆಯಲ್ಲಿ ದಾದಿ. ನಮ್ಮಲ್ಲಿ ಪದಗಳ ಅರ್ಥ ತಿರುವುಮುರುವು. "ನೆಗೆಟಿವ್" ಎಂದರೆ ಒಳ್ಳೆಯದು, "ಪಾಸಿಟಿವ್" ಎಂದರೆ ಕೆಟ್ಟದ್ದು. 2021ರಲ್ಲಿ ಊರಿನಲ್ಲಿದ್ದ ನಮ್ಮ ಅತ್ತೆಗೆ ಕೋವಿಡ್ ಪರೀಕ್ಷೆಯ ಫಲಿತಾಂಶವನ್ನು ಫೋನಿನಲ್ಲಿ ಹೇಳಿದರು. "ನೆಗೆಟಿವ್ ಬಂದಿದೆ" ಎಂದಾಕ್ಷಣ ಅತ್ತೆ ಗೋಡೆಗೆ ಒರಗಿ ಕುಳಿತುಬಿಟ್ಟರಂತೆ. ಸೋಂಕಿಲ್ಲ ಎಂದಿದ್ದರೆ ಆಗುತ್ತಿತ್ತು. "ಕ್ರಾನಿಕ್" ಕೂಡ ಹಾಗೆಯೇ. ವೈದ್ಯರಿಗೆ ಅದು ಬಹುಕಾಲ ಇರುವ ಕಾಯಿಲೆ. ಇಲ್ಲಿನ ಸಾಮಾನ್ಯ ಜನಕ್ಕೆ ಅದು ವಿಪರೀತ ಕೆಟ್ಟದ್ದು. ವೈದ್ಯರು ಒಂದು ಹೇಳುತ್ತಾರೆ, ಹಾಸಿಗೆಯಲ್ಲಿರುವವರು ಇನ್ನೊಂದು ಕೇಳಿಸಿಕೊಳ್ಳುತ್ತಾರೆ. ನಡುವೆ ನಿಂತು ಬಿಡಿಸಿ ಹೇಳುವುದು ನನ್ನ ಅರ್ಧ ಕೆಲಸ.

ಹುಬ್ಬಳ್ಳಿ ಅಡತಿ:
ನಮ್ಮದು ಮೂರು ತಲೆಮಾರಿನ ಅಡತಿ ಅಂಗಡಿ, ರೈತರ ಮಾಲನ್ನು ದಲ್ಲಾಳಿಯಾಗಿ ಮಾರಿಸುವ ಕಸುಬು. ವ್ಯಾಪಾರದ ಮಾತು ಎಂದರೆ ಕೆಟ್ಟದ್ದು ಎಂಬಂತೆ ಯಾರೂ ತಿಳಿಯಬಾರದು. ಕಿರ್ದಿ ಎಂದರೆ ದಿನದ ಲೆಕ್ಕದ ಪುಸ್ತಕ, ಖತಾವಣಿ ಎಂದರೆ ಒಬ್ಬೊಬ್ಬರ ಖಾತೆಯ ಪುಸ್ತಕ, ಶಿಲ್ಕು ಎಂದರೆ ಕೈಯಲ್ಲಿ ಉಳಿದ ಹಣ, ಉದ್ರಿ ಎಂದರೆ ಸಾಲದ ವ್ಯಾಪಾರ, ಹಮಾಲಿ ಎಂದರೆ ಮೂಟೆ ಹೊತ್ತ ಕೂಲಿ, ಇವೆಲ್ಲ ನಮ್ಮ ಪದಗಳು. ಒಂದೊಂದಕ್ಕೂ ಒಂದೇ ಅರ್ಥ, ಅದೂ ರೂಪಾಯಿ ಪೈಸೆಯಲ್ಲಿ. ಸಂಜೆ ಗಲ್ಲೆಯಲ್ಲಿ ಎಣಿಸಿದ್ದು ಕಿರ್ದಿಯ ಶಿಲ್ಕಿಗೆ ತಾಳೆಯಾಗದಿದ್ದರೆ ನಮ್ಮ ಅಜ್ಜ ಊಟಕ್ಕೆ ಏಳುತ್ತಿರಲಿಲ್ಲ. ಮೆಣಸಿನಕಾಯಿ ತಂದ ರೈತ ಓದು ಬರಹ ಬಾರದವನಾದರೂ ಉದ್ರಿ ಎಂದರೆ ಏನು, ಹಮಾಲಿ ಎಷ್ಟು ಮುರಿದರು ಎಂದು ಬಲ್ಲ. ಕಸುಬಿನ ಪದ ಹಾಗಿರಬೇಕು.

ಮಂಜುನಾಥನ ಆಣೆಯಾಗಿ, ಮೊನ್ನೆ ಒಬ್ಬ ಹುಡುಗ ಸೂಟು ತೊಟ್ಟು ಅಂಗಡಿಗೆ ಬಂದಿದ್ದ. "ನಿಮ್ಮ ವ್ಯಾಲ್ಯೂ ಚೈನಿನ ಪೇನ್ ಪಾಯಿಂಟುಗಳಿಗೆ ಎಂಡ್ ಟು ಎಂಡ್ ಸಲ್ಯೂಷನ್ ಕೊಡುತ್ತೇವೆ" ಎಂದ. ಅರ್ಧ ಗಂಟೆ ಕೇಳಿದೆ. ಕೊನೆಗೆ ತಿಳಿದದ್ದು, ಲೆಕ್ಕ ಬರೆಯುವ ಒಂದು ಮೊಬೈಲ್ ಆ್ಯಪ್ ಮಾರುತ್ತಿದ್ದಾನೆ. ಮೊದಲೇ ಹೇಳಿದ್ದರೆ ಚಹಾ ಆರುವ ಮುನ್ನ ವ್ಯವಹಾರ ಮುಗಿಯುತ್ತಿತ್ತು. ಆ್ಯಪ್ ಚೆನ್ನಾಗಿಯೇ ಇದೆ, ಕೊಂಡಿದ್ದೇನೆ.

ಗದಗಿನ ಓದುಗ:
ಆದರೆ ವ್ಯಾಪಾರದಲ್ಲಿ ಗುಟ್ಟಿನ ಭಾಷೆಯೂ ಇದೆಯಲ್ಲವೇ? ದನದ ಜಾತ್ರೆಯಲ್ಲಿ ಟವೆಲ್ ಮುಚ್ಚಿ ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

ಹುಬ್ಬಳ್ಳಿ ಅಡತಿ:
ಸುತ್ತ ನಿಂತವರಿಗೆ ತಿಳಿಯುವುದಿಲ್ಲ, ನಿಜ. ಆದರೆ ಎತ್ತು ಕೊಡುವವನಿಗೂ ಕೊಳ್ಳುವವನಿಗೂ ಬೆರಳಿನ ಲೆಕ್ಕ ಪೂರ್ತಿ ಗೊತ್ತು. ಈ ಅಕ್ಕ ಹೇಳಿದ ನೋಟಿಸಿನಲ್ಲಿ ಎತ್ತಿಗೇ ಟವೆಲ್ ಮುಚ್ಚಿದ್ದಾರೆ.

ಪೀಣ್ಯದ ಅನುವಾದಕಿ:
ಅಡತಿಯವರೇ, ಎರಡು ದಿನದಿಂದ ನಾನು ಹುಡುಕುತ್ತಿದ್ದ ಮಾತು ಇದೇ.

ಕಾರ್ಮಿಕ ವಕೀಲ:
ತಡವಾಗಿ ನೋಡಿದೆ. ಇದು ಬರಿಯ ಭಾಷೆಯ ಪ್ರಶ್ನೆಯಲ್ಲ, ಆ ಮಹಿಳೆಗೆ ದಯವಿಟ್ಟು ಇದನ್ನು ತಿಳಿಸಿ.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಪದಗಳಿದ್ದವು. "ಲೇ-ಆಫ್" ಎಂದರೆ ಕಚ್ಚಾ ಮಾಲು ಇಲ್ಲ, ಕಲ್ಲಿದ್ದಲಿಲ್ಲ, ವಿದ್ಯುತ್ ಇಲ್ಲ, ಯಂತ್ರ ಕೆಟ್ಟಿದೆ ಎಂಬಂಥ ಕಾರಣಕ್ಕೆ ಮಾಲೀಕ ಆ ಹೊತ್ತಿಗೆ ಕೆಲಸ ಕೊಡಲಾಗದಿರುವುದು. ಕಾರ್ಮಿಕನ ಹೆಸರು ಹಾಜರಿ ಪಟ್ಟಿಯಲ್ಲೇ ಇರುತ್ತದೆ. ಆ ಅವಧಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ. "ರಿಟ್ರೆಂಚ್‌ಮೆಂಟ್" ಎಂದರೆ ಶಿಸ್ತು ಕ್ರಮದ ಶಿಕ್ಷೆಯಲ್ಲದ ಕಾರಣಕ್ಕೆ ಮಾಲೀಕನೇ ಕೆಲಸ ಕೊನೆಗೊಳಿಸುವುದು. ಕನಿಷ್ಠ ಒಂದು ವರ್ಷ ನಿರಂತರ ದುಡಿದವರಿಗೆ ಕಾರಣ ಬರೆದ, ಕಡಿಮೆಯೆಂದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್‌ನಿಂದ ಆ ಕಾಯ್ದೆಯ ಬದಲು ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಎರಡು ಪದಗಳು ಬೇರೆ ಬೇರೆಯಾಗಿಯೇ ಇವೆ.

ಈಗ ಅಮೆರಿಕದ ಬಳಕೆ ಬಂದು, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸದಿಂದ ಖಾಯಂ ತೆಗೆಯುವುದಕ್ಕೂ ಲೇ-ಆಫ್ ಎನ್ನುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಮೇಷ್ಟ್ರು ಹೇಳಿದ ಹಾಗೆ ಅರ್ಥ ಬದಲಾಗುವುದು ಸಹಜ ಇರಬಹುದು. ಆದರೆ ನನ್ನ ಬಳಿ ಬರುವ ಕಾರ್ಮಿಕರು "ಲೇ-ಆಫ್ ಆಗಿದೆ" ಎಂದಾಗ ನಾನು ಮೊದಲು ಕೇಳುವುದು, ಹಾಜರಿ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು. ರೈಟ್‌ಸೈಸಿಂಗ್ ಎಂಬ ಪದವಂತೂ ಈ ಎರಡು ಕಾನೂನುಗಳಲ್ಲೂ ಇಲ್ಲ. ಕಾನೂನಿನ ಪದ ಬರೆದರೆ ಅದರ ಜೊತೆಗೆ ಹೊಣೆಯೂ ಬರುತ್ತದೆ, ಅದಕ್ಕೇ ಬರೆಯುವುದಿಲ್ಲ.

ಮಲೆನಾಡಿನ ಮೇಷ್ಟ್ರು:
ವಕೀಲರೇ, ನಾನು ಸೋತೆ. ಅರ್ಥ ಬದಲಾದರೆ ಬದಲಾಗಲಿ ಎಂದು ತರಗತಿಯಲ್ಲಿ ಸುಲಭವಾಗಿ ಹೇಳುತ್ತಿದ್ದೆ. ಒಂದು ಪದದ ಮೇಲೆ ಯಾರದೋ ಸಂಬಳ ನಿಂತಿರುವಾಗ ಹಾಗೆ ಹೇಳಲು ಬರುವುದಿಲ್ಲ.

ಶಬ್ದಮಣಿ:
ಕನ್ನಡದಲ್ಲೇ ನೋಡಿ. ಯಜಮಾನ ಎಂದರೆ ಸಂಸ್ಕೃತದಲ್ಲಿ ಯಜ್ಞ ಮಾಡಿಸುವವನು, ನಮಗೆ ಮನೆಯ ಒಡೆಯ, ಎಷ್ಟೋ ಮನೆಗಳಲ್ಲಿ ಗಂಡ. ಸಾಹಸ ಎಂದರೆ ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧ, ನಮಗೆ ಮೆಚ್ಚುವ ಗುಣ. ಉಪನ್ಯಾಸ ನಮಗೆ ಭಾಷಣ, ಹಿಂದಿಯವರಿಗೆ ಕಾದಂಬರಿ. ಯಾರಿಗೂ ತೊಂದರೆಯಾಗಿಲ್ಲ.

ದೂರುವುದೂ ಹಳೆಯ ಅಭ್ಯಾಸವೇ. 12ನೆಯ ಶತಮಾನದಲ್ಲಿ ಕವಿ ನಯಸೇನ, ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಒಗ್ಗದ ಸಂಸ್ಕೃತವನ್ನು ತುರುಕುವವರನ್ನು ಕಂಡು, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸಬಹುದೇ ಎಂದು ಕೇಳಿದ್ದ. ಮುಂದಿನ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜ, ಜನ ೞಕಾರ ಎಂಬ ಹಳಗನ್ನಡದ ಅಕ್ಷರವನ್ನು ಮರೆಯುತ್ತಿದ್ದಾರೆಂದು ಆ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಟ್ಟ. ೞಕಾರ ಹೋಯಿತು, ಕನ್ನಡ ಉಳಿಯಿತು.

ಗದಗಿನ ಓದುಗ:
ನಯಸೇನ ನಮ್ಮ ಮುಳಗುಂದದವನು, ಬರೆದು ಇಟ್ಟುಕೊಳ್ಳಿ!

ಕೋರಮಂಗಲದ ಕೋಡ್:
ಹಾಗಾದರೆ, ಗೊತ್ತಾದ ದಿನಕ್ಕಿಂತ ಬೇಗ ಇಟ್ಟುಕೊಳ್ಳುವುದಕ್ಕೆ ನಾವು ಹೇಳುವ "ಪ್ರಿಪೋನ್" ಬಗ್ಗೆ ಮೇಷ್ಟ್ರ ತೀರ್ಪೇನು? ನನ್ನ ಅಮೆರಿಕದ ಸಹೋದ್ಯೋಗಿ ಅದು ಪದವೇ ಅಲ್ಲ ಎಂದ.

ಮಲೆನಾಡಿನ ಮೇಷ್ಟ್ರು:
ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ, ಧೈರ್ಯವಾಗಿ ಬಳಸು. ನಮಗೆ ಅದು ಬೇಕೇ ಬೇಕು, ಏಕೆಂದು ಹೇಳುತ್ತೇನೆ. ಅವರು "ಮೂವ್ಡ್ ಫಾರ್ವರ್ಡ್" ಎಂದರೆ ಹೆಚ್ಚಾಗಿ ಸಭೆ ಇನ್ನೂ ಬೇಗ ನಡೆಯುತ್ತದೆ ಎಂದು. ನಾವು ಅದನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡರೆ ಏನಾಗುತ್ತದೆ? ಮುಂದೂಡಲಾಗಿದೆ. ಎಂದರೆ ತಡ! ನಮ್ಮ ಕಾಲದ ಕಲ್ಪನೆಯಲ್ಲಿ ಮುಂದಕ್ಕೆ ಹಾಕುವುದೆಂದರೆ ಬರುವ ದಿನಗಳ ಕಡೆಗೆ ತಳ್ಳುವುದು, ಅವರ ಕಲ್ಪನೆಯಲ್ಲಿ ನಮ್ಮತ್ತ ಎಳೆಯುವುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬಳು ಹೀಗೆಯೇ ಅರ್ಥಮಾಡಿಕೊಂಡು ಸಂದರ್ಶನಕ್ಕೆ ಒಂದು ದಿನ ತಡವಾಗಿ ಹೋಗಿದ್ದಳು. ಪ್ರಿಪೋನ್ ಎಂದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಇಂಥ ಪದ ಹುಟ್ಟಿದರೆ ನಾನು ಕೈ ಮುಗಿದು ಸ್ವಾಗತಿಸುತ್ತೇನೆ.

ಲೀಡ್ಸ್‌ನ ಕನ್ನಡತಿ:
ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಹಾಗಾಗಿದೆ, ಪಾಳಿ ಬದಲಾದಾಗ. ಒಂದು ದಿನದ ಸಂಬಳ ಹೋಯಿತು. ಕಾರಣ ಇವತ್ತು ತಿಳಿಯಿತು ಮೇಷ್ಟ್ರೇ.

ಟ್ರಂಕ್ ಕಾಲ್:
"ಹಿಂದಕ್ಕೆ ಹಾಕು" ಎಂದರೆ ಕನ್ನಡದಲ್ಲಿ ಬೇಗ ಎಂದಾಗುತ್ತದೆಯೇ? ನಮ್ಮ ಮನೆಯಲ್ಲಿ ಮದುವೆಯ ದಿನ ಬದಲಾದಾಗ "ಮುಂಚಿತವಾಗಿ ಇಟ್ಟುಕೊಂಡೆವು" ಎನ್ನುತ್ತೇವೆ.

ಶಬ್ದಮಣಿ:
ಮುಂಚಿತವಾಗಿ ಎನ್ನುವುದೇ ಸರಿ. "ಮುಂದೆ" ಮತ್ತು "ಮುಂಚೆ" ಎರಡಕ್ಕೂ ಬುಡ ಒಂದೇ, ದಿಕ್ಕು ಮಾತ್ರ ಬೇರೆ.

ಪೀಣ್ಯದ ಅನುವಾದಕಿ:
ಏನಾಯಿತೆಂದು ಹೇಳಲು ಬಂದೆ.

ವಕೀಲರು ಬರೆದದ್ದನ್ನು ಆ ಟೈಲರ್‌ಗೆ ಓದಿ ಹೇಳಿದೆ. ಅವರದು ಹನ್ನೊಂದು ವರ್ಷದ ಸೇವೆ. ಬೆರಳು ಮಡಿಸಿ ಲೆಕ್ಕ ಹಾಕಿದರು, ಹನ್ನೊಂದು ಹದಿನೈದು ನೂರ ಅರವತ್ತೈದು ದಿನ. "ಇಷ್ಟು ದಿನದ ಸಂಬಳ ಬರಬೇಕೆಂದು ಆ ಕಾಗದದಲ್ಲಿ ಎಲ್ಲಿದೆ ಅಕ್ಕಾ?" ಎಂದು ಕೇಳಿದರು. ಎಲ್ಲಿಯೂ ಇಲ್ಲ ಎಂದೆ.

ನಾನು ಕಾರ್ಖಾನೆಯವರಿಗೆ ಅನುವಾದವನ್ನು ಮತ್ತೆ ಕಳುಹಿಸಿದೆ. ಎಂಬತ್ತು ಜನ ಎಂಬುದನ್ನು ಉಳಿಸಿದೆ, ತೆಗೆಯುತ್ತೇವೆ ಎಂಬುದನ್ನು ಉಳಿಸಿದೆ, ಯಾವ ದಿನದಿಂದ ಎಂಬುದಕ್ಕೆ ಖಾಲಿ ಜಾಗ ಬಿಟ್ಟೆ. ಗಾತ್ರದ ಪಯಣ ಎಂದು ನನ್ನ ಕೈಯಿಂದ ಬರೆಯಲಾಗುವುದಿಲ್ಲ, ಹಾಗೆಯೇ ಬೇಕಿದ್ದರೆ ಬೇರೆಯವರಿಂದ ಮಾಡಿಸಿ ಎಂದು ಒಂದು ಸಾಲು ಸೇರಿಸಿದೆ. ಬೇರೆಯವರಿಂದ ಮಾಡಿಸಿದರು. ಇವತ್ತು ಬೆಳಗ್ಗೆ ಗೇಟಿನ ಬಳಿ ಕನ್ನಡ ನೋಟಿಸ್ ಅಂಟಿಸಿದ್ದಾರೆ, "ಸರಿಯಾದ ಗಾತ್ರ" ಎಂದೇ ಇದೆ. ಅದರ ಪಕ್ಕದಲ್ಲಿ ಯಾರೋ ನೀಲಿ ಸೀಮೆಸುಣ್ಣದಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಅದು, "80 ಜನ" ಎಂದು ಬರೆದಿದ್ದಾರೆ.

ಕಾರ್ಮಿಕ ವಕೀಲ:
ನೋಟಿಸಿನ ಎರಡೂ ಪ್ರತಿಗಳ ಫೋಟೊ ತೆಗೆದಿಟ್ಟುಕೊಳ್ಳಲು ಹೇಳಿ, ದಿನಾಂಕ ಕಾಣುವ ಹಾಗೆ. ಸಂಬಳದ ಚೀಟಿಗಳು, ಭವಿಷ್ಯ ನಿಧಿಯ ಸಂಖ್ಯೆ, ಗುರುತಿನ ಚೀಟಿ ಒಂದು ಕಡೆ ಸೇರಿಸಲಿ. ಯಾವ ಕಾಗದಕ್ಕೂ ಓದದೆ ಸಹಿ ಮಾಡಬಾರದು, ಮುಖ್ಯವಾಗಿ "ಸ್ವಇಚ್ಛೆಯಿಂದ" ಎಂಬ ಪದ ಇರುವ ಕಾಗದಕ್ಕೆ. ಒಬ್ಬೊಬ್ಬರೇ ಹೋಗುವುದು ಬೇಡ.

ಪೀಣ್ಯದ ಅನುವಾದಕಿ:
ಹೇಳುತ್ತೇನೆ ವಕೀಲರೇ. ನಾಳೆ ಭಾನುವಾರ, ಹತ್ತು ಗಂಟೆಗೆ ನಮ್ಮ ಮನೆಯಲ್ಲೇ ಸೇರುತ್ತಿದ್ದಾರೆ.